ತುಳಿದಷ್ಟೂ ಬಿಗಿಯುವ ಚಕ್ರ

ಮನೆಯಲ್ಲಿ ಹಳೆಯ ಸೈಕಲ್ ಒಂದಿದ್ದರೆ ಅದಕ್ಕೆ ಎರಡರಲ್ಲಿ ಒಂದು ಗತಿ ತಪ್ಪಿದ್ದಲ್ಲ. ಒಂದು, ಗುಜರಿಯವನ ತಕ್ಕಡಿ. ಇನ್ನೊಂದು, ಮಹಡಿ ಮೆಟ್ಟಿಲಿನ ಕೆಳಗಿನ ಕತ್ತಲೆ. ನಮ್ಮ ತಂದೆಯವರ ಸೈಕಲ್ ಇಪ್ಪತ್ತು ವರ್ಷಗಳಿಗೂ ಮೀರಿ ಎರಡನೆಯ ಗತಿಯನ್ನು ಅನುಭವಿಸುತ್ತಿತ್ತು. ಮೊದಲನೆಯದು ಒದಗದಂತೆ ನೋಡಿಕೊಂಡವರು ತಂದೆಯವರೇ. ದೀಪಾವಳಿಗೆ ಮನೆ ಗುಡಿಸುವಾಗಲೆಲ್ಲ ನನ್ನ ಹೆಂಡತಿ ಅದರ ಮಾತೆತ್ತುವಳು. ಅವರು ಪತ್ರಿಕೆಯಿಂದ ಮುಖವೆತ್ತದೆ, "ಇರಲಿ ಬಿಡಮ್ಮ, ಅದೇನು ಅನ್ನ ಕೇಳುತ್ತದೆಯೆ?" ಎನ್ನುವರು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಕಳೆದ ಜೂನ್ ತಿಂಗಳಲ್ಲಿ ಅಕ್ಕನ ಮಗಳು ಪದವಿಪೂರ್ವ ತರಗತಿಗೆ ಸೇರಿ ಮೈಸೂರಿನ ನಮ್ಮ ಮನೆಯಲ್ಲಿಯೇ ಉಳಿದುಕೊಂಡಳು. ಕಾಲೇಜು ನಾಲ್ಕು ಕಿಲೋಮೀಟರ್ ದೂರ. ನೇರವಾದ ಬಸ್ಸಿಲ್ಲ, ಸ್ಕೂಟರ್ ನಡೆಸುವ ವಯಸ್ಸು ಅವಳಿಗೆ ಇನ್ನೂ ಬಂದಿಲ್ಲ. ಒಂದು ಸಂಜೆ ಅವಳೇ ಮೆಟ್ಟಿಲಿನ ಕೆಳಗೆ ತೂರಿ, ಜೇಡರ ಬಲೆಯ ಸಮೇತ ಸೈಕಲ್ಲನ್ನು ಹೊರಗೆಳೆದು, "ಅಜ್ಜ, ಇದನ್ನು ನಾನು ತೆಗೆದುಕೊಳ್ಳಲೆ?" ಎಂದು ಕೇಳಿದಳು. ಈ ಬಾರಿ ತಂದೆಯವರು ಪತ್ರಿಕೆಯನ್ನು ಮಡಿಸಿಟ್ಟರು.

ಆ ಸೈಕಲ್ಲಿನ ಪೂರ್ವವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ತಂದೆಯವರು ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. ೧೯೮೨ರಲ್ಲಿ ಕಂತಿನ ಮೇಲೆ ಕೊಂಡ ಸೈಕಲ್ ಅದು. ಮನೆಯಿಂದ ಶಾಲೆಗೆ ಆರು ಕಿಲೋಮೀಟರ್. ನಡುವೆ ಕೆರೆಯ ಪಕ್ಕದಲ್ಲಿ ಎದೆಯೊಡೆಯುವಂಥ ಒಂದು ದಿಬ್ಬ. ೧೯೮೮ರಲ್ಲಿ, ಅಂದರೆ ನಾನು ಹುಟ್ಟಿದ ವರ್ಷ, ಹಿಂದಿನ ಹಲ್ಲುಚಕ್ರ ಸವೆದುಹೋಗಿ ಹೊಸದನ್ನು ಹಾಕಿಸಿದರು. ೧೯೯೯ರಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲಿ ಶಾಲೆ ಮನೆಯ ಪಕ್ಕದಲ್ಲಿಯೇ ಇದ್ದುದರಿಂದ ಸೈಕಲ್ಲಿಗೆ ನಿವೃತ್ತಿಯಾಯಿತು.

ಹೊಸ ಟೈರು, ಹೊಸ ಟ್ಯೂಬು, ಬ್ರೇಕಿಗೆ ಹೊಸ ರಬ್ಬರು, ಇವೆಲ್ಲ ಒಂದು ದಿನದಲ್ಲಿ ಆದುವು. ಹುಡುಗಿ ಬೀದಿಯಲ್ಲಿ ಎರಡು ದಿನ ಬಿಟ್ಟು ಅಭ್ಯಾಸ ಮಾಡಿಕೊಂಡಳು. ಮೂರನೆಯ ದಿನ ಬೆಳಿಗ್ಗೆ ರಸ್ತೆಯ ತಿರುವಿನಲ್ಲಿ ಬರುತ್ತಿದ್ದ ಆಟೋರಿಕ್ಷಾ ಒಂದನ್ನು ಕಂಡು, ಬೇಗನೆ ದಾಟಿಬಿಡೋಣವೆಂದು ಜೋರಾಗಿ ತುಳಿದಳಂತೆ. ಪೆಡಲು ಥಟ್ಟನೆ ಖಾಲಿ ಸುತ್ತಿತು. ಕತ್ತಲೆಯಲ್ಲಿ ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟವರ ಪಾಡು! ಹುಡುಗಿ ರಸ್ತೆಯ ಮಧ್ಯದಲ್ಲಿಯೇ ಮಗುಚಿಬಿದ್ದಳು. ಆಟೋ ನಡೆಸುತ್ತಿದ್ದ ಪುಣ್ಯಾತ್ಮ ಬ್ರೇಕು ಹಾಕಿ ಒಂದು ಮಾರು ಆಚೆಗೆ ನಿಲ್ಲಿಸಿದ. ಮೊಣಕಾಲು ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ತಂದೆಯವರು ಹಿಂದಿನ ಚಕ್ರವನ್ನು ಎತ್ತಿ, ಪೆಡಲನ್ನು ಕೈಯಿಂದ ತಿರುವಿ ನೋಡಿದರು. "ಹಲ್ಲುಚಕ್ರ ಬದಲಾಗದೆ ಈ ಸೈಕಲ್ ಗೇಟು ದಾಟಕೂಡದು" ಎಂದು ಅಪ್ಪಣೆಯಾಯಿತು.

ಟಿಕ್ ಟಿಕ್ ಎನ್ನುವ ಬಿಲ್ಲೆ

ಸೈಕಲ್ಲಿನ ಹಿಂದಿನ ಚಕ್ರದ ಬಲಮಗ್ಗುಲಲ್ಲಿ ಸರಪಣಿ ಹಾಯುವ ಹಲ್ಲುಚಕ್ರವನ್ನು ನೀವೆಲ್ಲರೂ ಕಂಡಿದ್ದೀರಿ. ಫ್ರೀವೀಲ್ ಎಂದು ನಾವು ಕರೆಯುವುದು ಇದನ್ನೇ. ಹೊರಗಿನಿಂದ ಒಂದೇ ಬಿಲ್ಲೆಯಂತೆ ಕಂಡರೂ ಅದರಲ್ಲಿ ಒಂದರೊಳಗೊಂದು ಎರಡು ಬಳೆಗಳಿವೆ. ಹೊರಬಳೆಗೆ ಹಲ್ಲುಗಳು, ಒಳಬಳೆಯು ಚಕ್ರದ ನಾಭಿಗೆ, ಅಂದರೆ ಹಬ್ಬಿಗೆ, ತಿರುಪಿನಂತೆ ಸುತ್ತಿ ಕೂತಿರುತ್ತದೆ. ಎರಡರ ನಡುವೆ ಸಾಸಿವೆಗಿಂತ ದೊಡ್ಡವೂ ಮೆಣಸಿಗಿಂತ ಚಿಕ್ಕವೂ ಆದ ಉಕ್ಕಿನ ಗುಂಡುಗಳು, ಎರಡು ಪುಟ್ಟ ನಾಲಿಗೆಗಳು, ಅವುಗಳನ್ನು ಮೇಲಕ್ಕೆತ್ತಿ ಹಿಡಿಯುವ ಕೂದಲೆಳೆಯಂಥ ಸ್ಪ್ರಿಂಗುಗಳು. ಮುಂದಕ್ಕೆ ತುಳಿದಾಗ ನಾಲಿಗೆಗಳು ಹೊರಬಳೆಯ ಒಳಗಚ್ಚುಗಳಿಗೆ ಸಿಕ್ಕಿಕೊಂಡು ಚಕ್ರವನ್ನು ತಿರುಗಿಸುತ್ತವೆ. ತುಳಿಯುವುದನ್ನು ನಿಲ್ಲಿಸಿದಾಗ ಅವು ಕಚ್ಚುಗಳ ಮೇಲೆ ಜಾರುತ್ತ ಟಿಕ್ ಟಿಕ್ ಎನ್ನುತ್ತವೆ.

ಈ ಏರ್ಪಾಡಿಗೆ ಅಮೆರಿಕದ ವಿಲಿಯಂ ವ್ಯಾನ್ ಆಂಡೆನ್ ಎಂಬಾತನು ೧೮೬೯ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಆದರೆ ಅದು ಜನಸಾಮಾನ್ಯರ ಸೈಕಲ್ಲಿಗೆ ಬಂದದ್ದು ಆ ಶತಮಾನ ಮುಗಿಯುವ ಹೊತ್ತಿಗೆ. ಅಲ್ಲಿಯವರೆಗೆ ಚಕ್ರ ಉರುಳುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರಬೇಕಾಗಿತ್ತು. ಇಳಿಜಾರಿನಲ್ಲಿ ಸವಾರನು ಪೆಡಲಿನಿಂದ ಕಾಲು ತೆಗೆದು ಮುಂದಕ್ಕೆ ಚಾಚಿ, ದೇವರ ಮೇಲೆ ಭಾರ ಹಾಕುತ್ತಿದ್ದನು. ಇಳಿಜಾರಿನಲ್ಲಿ ಕಾಲಿಗೆ ವಿಶ್ರಾಂತಿಯನ್ನು ಕೊಟ್ಟ ಪುಣ್ಯ ಈ ಬಿಲ್ಲೆಗೆ ಸೇರಬೇಕು.

ನಮ್ಮ ಬಿಲ್ಲೆಯೊಳಗೆ ಗ್ರೀಸು ಗಟ್ಟಿಯಾಗಿ ಅರಗಿನಂತೆ ಕಟ್ಟಿತ್ತು. ನಾಲಿಗೆಗಳು ಒಮ್ಮೆ ಏಳುತ್ತಿದ್ದುವು, ಒಮ್ಮೆ ಏಳುತ್ತಿರಲಿಲ್ಲ. ಇದಕ್ಕೆ ಔಷಧ ಒಂದೇ, ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕುವುದು. ಹೊಸ ಬಿಲ್ಲೆಯ ಬೆಲೆಯೋ ಇಬ್ಬರು ಹೋಟೆಲಿನಲ್ಲಿ ಕುಳಿತು ತಿಂಡಿ ತಿಂದಷ್ಟು. ಇಷ್ಟಕ್ಕೆ ಷಾಪಿಗೇಕೆ ಹೋಗಬೇಕು ಎನ್ನಿಸಿತು ನನಗೆ. ಕನ್ನಡ ಎಂ.ಎ. ಮಾಡಿದವನು ಒಂದು ತಿರುಪನ್ನು ಬಿಚ್ಚಲಾರನೆ?

ಭಾನುವಾರದ ಸಾಹಸ

ಭಾನುವಾರ ಬೆಳಿಗ್ಗೆ ಹಿಂದಿನ ಚಕ್ರವನ್ನು ಕಳಚಿ ಜಗಲಿಯ ಮೇಲೆ ಮಲಗಿಸಿದೆ. ಹಳೆಯ ಸರಪಣಿಯ ತುಂಡೊಂದನ್ನು ಹಲ್ಲುಗಳಿಗೆ ಸುತ್ತಿ ಎಡಕ್ಕೆ ಬಲವಾಗಿ ಎಳೆದೆ. ಟಿಕ್ ಟಿಕ್ ಟಿಕ್! ಚಕ್ರವು ಹಿಂದಕ್ಕೆ ಸುತ್ತಿತು. ಮತ್ತೊಮ್ಮೆ ಎಳೆದೆ, ಮತ್ತೊಮ್ಮೆ ಸುತ್ತಿತು. ಹುಡುಗಿ ಬಾಯಿಗೆ ಸೆರಗಿಲ್ಲದ್ದರಿಂದ ಕೈ ಅಡ್ಡವಿಟ್ಟು ನಕ್ಕಳು. ಆಮೇಲೆ ಹೊಳೆಯಿತು. ಹಿಂದಕ್ಕೆ ಸುತ್ತುವುದೇ ಫ್ರೀವೀಲಿನ ಧರ್ಮವಲ್ಲವೆ? ಹಲ್ಲು ಹಿಡಿದು ಎಷ್ಟು ಎಳೆದರೂ ಒಳಬಳೆಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಬಿಚ್ಚಬೇಕಾದರೆ ಒಳಬಳೆಯನ್ನೇ ಹಿಡಿಯಬೇಕು.

ಒಳಬಳೆಯ ಮುಖದಲ್ಲಿ ಎದುರುಬದುರಾಗಿ ಎರಡು ಕಚ್ಚುಗಳಿದ್ದುವು. ಒಂದು ಕಚ್ಚಿಗೆ ಚಾಣವನ್ನು ಓರೆಯಾಗಿ ಕೊಟ್ಟು ಸುತ್ತಿಗೆಯಿಂದ ಹೊಡೆದೆ. ಹತ್ತು ಏಟು, ಇಪ್ಪತ್ತು ಏಟು. ನೆರೆಮನೆಯವರು ಕಿಟಕಿಯಿಂದ ಇಣುಕಿದರು. ಮೂವತ್ತನೆಯದೋ ಏನೋ ಏಟಿಗೆ ಕಚ್ಚಿನ ಮೂಲೆ ಚೂರಾಗಿ ಸಿಡಿದು ನನ್ನ ಕನ್ನಡಕದ ಗಾಜಿಗೆ ಟಣ್ಣೆಂದು ಬಡಿಯಿತು. ಕನ್ನಡಕವಿಲ್ಲದಿದ್ದರೆ ಈ ಲೇಖನವನ್ನು ಒಂದೇ ಕಣ್ಣಿನಿಂದ ಬರೆಯಬೇಕಾಗುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ತಂದೆಯವರು ಜಗಲಿಯ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಒಂದು ಮಾತನ್ನೂ ಆಡಲಿಲ್ಲ. ಪ್ರತಿಯೊಂದು ಏಟಿಗೂ ಅವರ ಕೈ ಮಾತ್ರ ಕುರ್ಚಿಯ ತೋಳನ್ನು ಹಿಡಿಯುತ್ತಿತ್ತು.

ಸೋಮವಾರ ಸಂಜೆ ಮುಖ್ಯರಸ್ತೆಯ ದೊಡ್ಡ ಅಂಗಡಿಯೊಂದಕ್ಕೆ ಚಕ್ರವನ್ನು ಒಯ್ದೆ. ಅಲ್ಲಿನ ಯುವಕ ನೋಡಿದವನೇ, "ಇದು ಬರುವುದಿಲ್ಲ ಸಾರ್. ಕಡ್ಡಿಗಳನ್ನು ಕತ್ತರಿಸಿ ರಿಮ್ಮು ಉಳಿಸಿಕೊಳ್ಳೋಣ, ಹೊಸ ಹಬ್ಬು ಹಾಕೋಣ. ಐದು ನಿಮಿಷದ ಕೆಲಸ" ಎಂದು ಕತ್ತರಿಯನ್ನು ಕೈಗೆ ತೆಗೆದುಕೊಂಡ. ನಮ್ಮ ದೇಶದ ಸಾಂಪ್ರದಾಯಿಕ ಸೈಕಲ್ಲಿನ ಹಿಂದಿನ ಚಕ್ರಕ್ಕೆ ನಲವತ್ತು ಕಡ್ಡಿಗಳು, ಮುಂದಿನದಕ್ಕೆ ಮೂವತ್ತೆರಡು. ನಲವತ್ತು ಕಡ್ಡಿಗಳೂ ನೆಟ್ಟಗೆ, ತುಕ್ಕಿನ ಮಚ್ಚೆಯಿದ್ದರೂ ಬಿಗಿಯಾಗಿ ನಿಂತಿದ್ದುವು. ಏಕೋ ಮನಸ್ಸು ಬರಲಿಲ್ಲ. ಚಕ್ರವನ್ನು ಹೊತ್ತುಕೊಂಡು ಹೊರಟುಬಂದೆ.

ಪ್ರದಕ್ಷಿಣೆ, ಅಪ್ರದಕ್ಷಿಣೆ

ಅಗ್ರಹಾರದ ಹಿಂದಿನ ಓಣಿಯೊಂದರಲ್ಲಿ ಹಳೆಯ ಸೈಕಲ್ ಷಾಪೊಂದು ಇದೆಯೆಂದು ತಂದೆಯವರೇ ಹೇಳಿದರು. ತಾವೂ ಬರುವುದಾಗಿ ಹೊರಟರು. ಷಾಪೆಂದರೆ ಒಂದು ಬೆಂಚು, ಬೆಂಚಿಗೆ ಬಿಗಿದ ಒಂದು ವೈಸು, ಗೋಡೆಗೆ ನೇತುಹಾಕಿದ ಟೈರುಗಳು. ಎಪ್ಪತ್ತು ದಾಟಿದ ಹಿರಿಯರು ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು, ಒಡೆದ ಕಚ್ಚಿನ ಮೇಲೆ ಬೆರಳಾಡಿಸಿ, "ಯಾರು ಹೊಡೆದದ್ದು?" ಎಂದರು. ನಾನು ತಲೆತಗ್ಗಿಸಿದೆ. "ದಿಕ್ಕು ಸರಿಯಾಗಿಯೇ ಇದೆ. ಹಿಡಿತ ತಪ್ಪಿದೆ" ಎಂದು ಅರ್ಧ ಅಂಕ ಕೊಟ್ಟರು.

ಅವರು ಹೇಳಿದ ಪಾಠವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ದೇವಸ್ಥಾನದಲ್ಲಿ ನಾವು ಪ್ರದಕ್ಷಿಣೆ ಬರುವ ದಿಕ್ಕೂ ಗಡಿಯಾರದ ಮುಳ್ಳು ಸುತ್ತುವ ದಿಕ್ಕೂ ಸಾಮಾನ್ಯ ತಿರುಪು ಬಿಗಿಯುವ ದಿಕ್ಕೂ ಒಂದೇ. ಸೈಕಲ್ಲಿನ ಬಲಮಗ್ಗುಲಲ್ಲಿ ನಿಂತು ನೋಡಿದರೆ, ಮುಂದಕ್ಕೆ ಹೋಗುವಾಗ ಚಕ್ರಗಳು ತಿರುಗುವುದೂ ಅದೇ ದಿಕ್ಕಿನಲ್ಲಿ. ಆದ್ದರಿಂದ ಪ್ರತಿಯೊಂದು ತುಳಿತವೂ ಹಲ್ಲುಚಕ್ರವನ್ನು ಹಬ್ಬಿನ ಮೇಲೆ ಇನ್ನಷ್ಟು ಬಿಗಿಯಲು ನೋಡುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ಉಪಾಯ. ಬೇರೆ ಕೀಲು, ಮೊಳೆ, ಬೆಸುಗೆ ಯಾವುದೂ ಬೇಡ. ಸವಾರನ ಕಾಲೇ ಅದರ ಕೀಲು.

ದಿಕ್ಕಿನ ವಿಷಯದಲ್ಲಿ ಸೈಕಲ್ಲು ಎರಡು ಕಡೆ ನಮ್ಮನ್ನು ಮೋಸಗೊಳಿಸುತ್ತದೆ. ಎಡಗಾಲಿನ ಪೆಡಲಿನ ತಿರುಪು ವಿರುದ್ಧ ದಿಕ್ಕಿನದು. ಇಲ್ಲದಿದ್ದರೆ ಓಡುತ್ತ ಓಡುತ್ತ ಅದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಫ್ರೀವೀಲಿನ ಮುಖದಲ್ಲಿ ಎರಡು ಸಣ್ಣ ತೂತುಗಳಿರುವ ತೆಳುವಾದ ಮುಚ್ಚಳದ ಬಳೆಯ ತಿರುಪೂ ವಿರುದ್ಧವೇ. ಅರಿಯದವರು ಅದನ್ನು ಬಲಕ್ಕೆ ತಿರುಗಿಸಿದರೆ ಮುಚ್ಚಳ ಕಳಚಿ, ಒಳಗಿನ ಗುಂಡುಗಳೆಲ್ಲ ಕಾಳಿನಂತೆ ಅಂಗಳದಲ್ಲಿ ಚೆಲ್ಲಿಹೋಗುತ್ತವೆ.

ಹಬ್ಬಿನ ಮೇಲಿನ ತಿರುಪಿನ ಸುತ್ತುಗಳಿಗೆ ಷಾಪಿನವರು 'ಮರೆ' ಎನ್ನುತ್ತಾರೆ. ಈ ಮರೆಯ ಅಡ್ಡಳತೆ ೧.೩೭ ಅಂಗುಲ, ಅಂದರೆ ಸುಮಾರು ೩೫ ಮಿಲಿಮೀಟರ್. ಅಂಗುಲಕ್ಕೆ ೨೪ ಸುತ್ತುಗಳು. ಒಂದು ಪೂರ್ತಿ ಸುತ್ತಿಗೆ ಚಕ್ರವು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಮಾತ್ರ ಸರಿಯುತ್ತದೆ. ಇಷ್ಟು ನವುರಾದ ಮರೆಯು ಹಿಡಿದರೆ ಜಿಗಣೆಯಂತೆ ಹಿಡಿಯುತ್ತದೆ. ಅದರ ಮೇಲೆ ತುಕ್ಕು! ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಮರೆಗಳ ನಡುವಿನ ಎಳೆಯಷ್ಟು ಸಂದಿನಲ್ಲಿ ಅದು ಉಬ್ಬಿ ಕೂತರೆ ಗಾರೆ ಹಾಕಿದಂತೆಯೇ ಸರಿ.

ಐವತ್ತು ಲಕ್ಷ ಸುತ್ತು

"ಎಷ್ಟು ವರ್ಷ ತುಳಿದಿದ್ದೀರಿ ಮೇಷ್ಟರೆ, ಈ ಚಕ್ರ ಹಾಕಿಸಿದ ಮೇಲೆ?" ಎಂದು ಹಿರಿಯರು ಕೇಳಿದರು. "ಹನ್ನೊಂದು ವರ್ಷ" ಎಂದರು ತಂದೆಯವರು.

ಮರುದಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮಿತ್ರರೊಬ್ಬರು ನನಗೆ ಇದರ ಲೆಕ್ಕವನ್ನು ಕಾಗದದ ಮೇಲೆ ಹಾಕಿಕೊಟ್ಟರು. ದಿನಕ್ಕೆ ಹನ್ನೆರಡು ಕಿಲೋಮೀಟರ್, ವರ್ಷಕ್ಕೆ ಸುಮಾರು ೨೨೦ ಶಾಲೆಯ ದಿನಗಳು, ಹನ್ನೊಂದು ವರ್ಷ. ಒಟ್ಟು ೨೯,೦೦೦ ಕಿಲೋಮೀಟರಿಗೆ ಮೇಲಾಯಿತು. ಮುಂದಿನ ಚಕ್ರಕ್ಕೆ ೪೪ ಹಲ್ಲು, ಹಿಂದಿನದಕ್ಕೆ ೧೮ ಹಲ್ಲು ಇರುವ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಐದೂವರೆ ಮೀಟರಿನಷ್ಟು ಓಡುತ್ತದೆ. ಹಾಗಾದರೆ ಪೆಡಲು ತಿರುಗಿದ್ದು ಐವತ್ತು ಲಕ್ಷ ಸುತ್ತು! ಇಳಿಜಾರಿನ ವಿಶ್ರಾಂತಿಯನ್ನು ಕಳೆದರೂ ನಲವತ್ತು ಲಕ್ಷಕ್ಕೆ ಕಡಿಮೆಯಾಗಲಾರದು.

"ಅಷ್ಟೂ ಸುತ್ತುಗಳ ಬಿಗಿ ಅದರಲ್ಲಿ ಸೇರಿದೆಯೆ?" ಎಂದು ಗಾಬರಿಯಿಂದ ಕೇಳಿದೆ. ಮಿತ್ರರು ನಕ್ಕರು. ಬಿಗಿಯು ಹುಂಡಿಯ ಹಣದಂತೆ ಕೂಡುತ್ತ ಹೋಗುವುದಿಲ್ಲವಂತೆ. ಮರೆಯನ್ನು ಎಲ್ಲಕ್ಕಿಂತ ಮುಂದಕ್ಕೆ ತಳ್ಳುವುದು ಅತ್ಯಂತ ಬಲವಾದ ತುಳಿತ. ಅದಕ್ಕಿಂತ ಮೆಲ್ಲಗಿನ ಲಕ್ಷಾಂತರ ತುಳಿತಗಳು ಅಲ್ಲಿಂದ ಒಂದು ಕೂದಲಷ್ಟೂ ಮುಂದೆ ಸರಿಸಲಾರವು. ಎಂದೋ ಒಂದು ದಿನ ಸವಾರನು ಎಲ್ಲಕ್ಕಿಂತ ಜೋರಾಗಿ ತುಳಿದಿದ್ದರೆ, ಆ ಒಂದು ದಿನದ ಬಿಗಿಯೇ ಅದರಲ್ಲಿ ಉಳಿದಿರುತ್ತದೆ.

ಅರವತ್ತು ಕಿಲೋಗ್ರಾಂ ತೂಕದ ಮನುಷ್ಯನು ಅಡ್ಡನಿಂತ ಪೆಡಲಿನ ಮೇಲೆ ಪೂರ್ತಿ ಮೈಭಾರ ಬಿಟ್ಟರೆ ಸರಪಣಿಯ ಮೇಲೆ ಸುಮಾರು ೧೧೦ ಕಿಲೋಗ್ರಾಂ ಎಳೆತ ಬೀಳುತ್ತದೆ. ಹ್ಯಾಂಡಲ್ಲನ್ನು ಮೇಲಕ್ಕೆ ಎಳೆದು ತುಳಿದರೆ ಇನ್ನೂ ಹೆಚ್ಚು. ಹಿಂದಿನ ಮರೆಯ ಮೇಲೆ ಇದರ ತಿರುಚು, ಒಂದು ಮೀಟರ್ ಉದ್ದದ ಸನ್ನೆಗೋಲಿನ ತುದಿಗೆ ನಾಲ್ಕು ಕಿಲೋಗ್ರಾಂ ತೂಗಬಿಟ್ಟಷ್ಟು. ಗೇಣುದ್ದದ ಸ್ಪ್ಯಾನರಿನಿಂದ ಅದನ್ನು ಬಿಡಿಸಲು ಇಪ್ಪತ್ತು ಕಿಲೋಗ್ರಾಂ ಬಲ ಬೇಕು. ತುಕ್ಕು ಸೇರಿ ಬಿಗಿ ಇಮ್ಮಡಿಯಾಗಿದ್ದರೆ ನಲವತ್ತು. ಅಷ್ಟು ಬಲವನ್ನು ಕೈಯಿಂದ ಹಾಕುವ ಹೊತ್ತಿಗೆ ಸ್ಪ್ಯಾನರು ಜಾರಿ ಬೆರಳು ಜಜ್ಜಿರುತ್ತದೆ. ಆದರೆ ಅದೇ ಸ್ಪ್ಯಾನರನ್ನು ಅಲುಗದಂತೆ ಹಿಡಿದು, ಚಕ್ರದ ರಿಮ್ಮನ್ನು ಎರಡು ಕಡೆ ಹಿಡಿದು ಒಂದೊಂದು ಕೈಯಿಂದ ಹದಿನೈದು ಕಿಲೋಗ್ರಾಂ ತಳ್ಳಿದರೆ ಸಾಕು, ಒಂಬತ್ತೂವರೆಯಷ್ಟು ತಿರುಚು ಸಿಗುತ್ತದೆ. ರಿಮ್ಮು ಅಷ್ಟು ಅಗಲವಾದ ಸನ್ನೆಗೋಲು!

ಮುಖ್ಯರಸ್ತೆಯ ಯುವಕ ಕತ್ತರಿಸಹೊರಟಿದ್ದು ಈ ಸನ್ನೆಗೋಲನ್ನೇ. "ಕಡ್ಡಿ ಕತ್ತರಿಸಿದ ಮೇಲೆ ಕೈಯಲ್ಲಿ ಉಳಿಯುವುದು ಮುಷ್ಟಿಯಷ್ಟು ಹಬ್ಬು. ಅದನ್ನು ಯಾವ ಭೀಮನೂ ಬಿಚ್ಚಲಾರ" ಎಂದು ಹಿರಿಯರು ಹೇಳಿದ ಮಾತಿನ ಅರ್ಥ ಲೆಕ್ಕ ನೋಡಿದ ಮೇಲೆ ಆಯಿತು.

ಮೂವರ ಕೈ

ಮೊದಲ ಸಂಜೆ ಹಿರಿಯರು ಮಾಡಿದ್ದು ಎರಡೇ ಕೆಲಸ. ಒಡೆದ ಕಚ್ಚನ್ನು ಅರದಿಂದ ಉಜ್ಜಿ, ಇನ್ನಷ್ಟು ಆಳವಾಗಿ, ಮೂಲೆ ಚೌಕವಾಗುವಂತೆ ಮಾಡಿದರು. (ಕನ್ನಡದಲ್ಲಿ ಉಜ್ಜುವ ಸಲಕರಣೆಗೂ 'ಅರ', ಸಂಸ್ಕೃತದಲ್ಲಿ ಚಕ್ರದ ಕಡ್ಡಿಗೂ 'ಅರ'! ತರಗತಿಯಲ್ಲಿ ಹೇಳಲು ನನಗೊಂದು ಉದಾಹರಣೆ ಸಿಕ್ಕಿತು.) ಆಮೇಲೆ ಚಕ್ರವನ್ನು ಮಲಗಿಸಿ, ಒಳಬಳೆಯೂ ಹಬ್ಬೂ ಕೂಡುವ ಸಂದಿಗೆ ಸೀಮೆಎಣ್ಣೆ ಬೆರೆಸಿದ ತೆಳುವಾದ ಯಂತ್ರದ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟರು, ಮಗುಚಿ, ಹಿಂಬದಿಯ ಸಂದಿಗೂ ಬಿಟ್ಟರು. ಸುತ್ತಿಗೆಯ ಹಿಡಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿದರು. ರಿಮ್ಮಿಗೂ ಟೈರಿಗೂ ಎಣ್ಣೆ ತಾಗದಂತೆ ಬಟ್ಟೆ ಹಿಡಿದಿದ್ದರು. ಬ್ರೇಕಿನ ರಬ್ಬರು ಒತ್ತುವುದು ರಿಮ್ಮಿನ ಮೇಲೆ. ಅಲ್ಲಿ ಎಣ್ಣೆಯಿದ್ದರೆ ಸೈಕಲ್ ನಿಲ್ಲುವುದಿಲ್ಲ. "ನಾಳೆ ಬನ್ನಿ. ಈ ಹೊತ್ತು ಕೆಲಸ ಮಾಡಬೇಕಾದದ್ದು ಎಣ್ಣೆ, ನಾವಲ್ಲ" ಎಂದರು.

ಮರುಸಂಜೆ ಅವರು ಪೆಟ್ಟಿಗೆಯಿಂದ ಉಕ್ಕಿನ ಗಿಡ್ಡ ಸಲಕರಣೆಯೊಂದನ್ನು ತೆಗೆದರು. ಮುಖದಲ್ಲಿ ಎರಡು ಗಟ್ಟಿ ಹಲ್ಲುಗಳು, ನಡುವೆ ಅಚ್ಚು ತೂರುವಷ್ಟು ತೂತು. ಅಚ್ಚಿನ ನಟ್ಟನ್ನು ಬಿಚ್ಚಿ, ಸಲಕರಣೆಯ ಹಲ್ಲುಗಳನ್ನು ಕಚ್ಚುಗಳಲ್ಲಿ ಕೂರಿಸಿ, ಅದು ಜಿಗಿಯದಂತೆ ಮೇಲೆ ಅದೇ ನಟ್ಟನ್ನು ಹಾಕಿದರು. ನನ್ನ ಚಾಣಕ್ಕೂ ಈ ಸಲಕರಣೆಗೂ ಇದ್ದ ವ್ಯತ್ಯಾಸ ಈ ನಟ್ಟೊಂದೇ ಎಂದರೂ ಸಲ್ಲುತ್ತದೆ. ಚಾಣವ ಏಟಿಗೊಮ್ಮೆ ಜಾರುತ್ತದೆ. ನಟ್ಟು ಒತ್ತಿ ಹಿಡಿದ ಹಲ್ಲು ಜಾರುವುದಿಲ್ಲ. ಬಳಿಕ ಸಲಕರಣೆಯನ್ನು ವೈಸಿನಲ್ಲಿ ಕಚ್ಚಿಸಿದರು. ಹಲ್ಲುಚಕ್ರ ಕೆಳಗೆ, ಚಕ್ರವು ಬೆಂಚಿನ ಮೇಲೆ ಮೋಟಾರಿನ ಸ್ಟೀರಿಂಗಿನಂತೆ ಅಡ್ಡಲಾಗಿ ನಿಂತಿತು.

"ಯಾವ ಕಡೆಗೆ?" ಎಂದೆ. ಚಕ್ರ ಮಗುಚಿದ್ದರಿಂದ ದಿಕ್ಕೂ ಮಗುಚಿತಲ್ಲವೆ ಎಂದು ನನಗೆ ಸಂಶಯ. ಆದರೆ ಈಗ ನಿಂತಿರುವುದು ಹಲ್ಲುಚಕ್ರ, ತಿರುಗುವುದು ಹಬ್ಬು. ಎರಡು ಸಲ ಅದಲುಬದಲಾದದ್ದು ಮೊದಲಿನಂತೆಯೇ ಆಯಿತು. ಮೇಲಿನಿಂದ ನೋಡುವವರಿಗೆ ಎಡಕ್ಕೆ, ಅಪ್ರದಕ್ಷಿಣೆಯಾಗಿಯೇ ತಿರುಗಿಸಬೇಕು.

ನಾನೊಬ್ಬನೇ ತಳ್ಳಿದೆ. ಬೆಂಚು ಅಲುಗಿತು, ಚಕ್ರ ಅಲುಗಲಿಲ್ಲ. ಹಿರಿಯರು ಬೆಂಚನ್ನು ಒತ್ತಿ ಹಿಡಿದು, "ಮೇಷ್ಟರೆ, ನೀವೂ ಒಂದು ಕೈ ಕೊಡಿ" ಎಂದರು. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದ ತಂದೆಯವರು ಎದ್ದುಬಂದು ನನ್ನ ಎದುರಿಗೆ ನಿಂತು ರಿಮ್ಮನ್ನು ಹಿಡಿದರು. "ಜಗ್ಗಬೇಡಿ. ಇಬ್ಬರೂ ಒಟ್ಟಿಗೆ, ಸಮನಾಗಿ, ಬಿಡದೆ ಒತ್ತಿ."

ಒತ್ತಿದೆವು. ಕಡ್ಡಿಗಳು ಕಿರುಗುಟ್ಟಿದುವು. ತಂದೆಯವರ ಕೈಯ ನರಗಳು ಉಬ್ಬಿದುವು. ಸಾಕು ಬಿಡಿ ಎಂದು ನಾನು ಹೇಳಬೇಕು, ಅಷ್ಟರಲ್ಲಿ ಠಣ್ ಎಂದು ಪಟಾಕಿ ಸಿಡಿದಂತೆ ಸದ್ದಾಯಿತು. ಹಬ್ಬೇ ಒಡೆಯಿತೆಂದು ತಿಳಿದು ಕೈಬಿಟ್ಟೆ. ಹಿರಿಯರು ಮಾತ್ರ ಮುಗುಳ್ನಕ್ಕು ಬೆಂಚಿನಿಂದ ಕೈ ತೆಗೆದರು. ಚಕ್ರವು ಅರ್ಧ ಗೇಣು ಸರಿದಿತ್ತು.

ಇಲ್ಲಿ ಅವರು ಒಂದು ಎಚ್ಚರಿಕೆಯನ್ನು ಹೇಳಿದರು. ಹಲ್ಲುಚಕ್ರ ಸಡಿಲವಾದ ಕೂಡಲೆ ಮೇಲಿನ ನಟ್ಟನ್ನೂ ಸಡಿಲಿಸಬೇಕು. ಇಲ್ಲದಿದ್ದರೆ ಹೊರಬರುತ್ತಿರುವ ಹಲ್ಲುಚಕ್ರವು ನಟ್ಟಿಗೆ ಒತ್ತಿ, ಅಚ್ಚಿನ ಮರೆಯನ್ನೇ ಹಾಳುಮಾಡುತ್ತದೆ. ನಟ್ಟು ತೆಗೆದ ಮೇಲೆ ಉಳಿದ ಸುತ್ತುಗಳನ್ನು ತಂದೆಯವರು ಕೈಯಿಂದಲೇ ಬಿಚ್ಚಿದರು. ಮೂವತ್ತು ಏಟಿಗೆ ಬಾರದ್ದು ಎರಡು ಬೆರಳಿಗೆ ಬಂತು. ಹಬ್ಬಿನ ಮರೆಗಳು ಕಪ್ಪು ಎಣ್ಣೆಯ ಕೆಳಗೆ ಒಂದೂ ಸವೆಯದೆ ಹೊಳೆಯುತ್ತಿದ್ದುವು.

"ಇಷ್ಟು ಬಿಗಿ ಸುಮ್ಮನೆ ಆಗುವುದಿಲ್ಲ. ಯಾವ ಏರು ಹತ್ತಿದ್ದಿರಿ ಮೇಷ್ಟರೆ?" ಎಂದರು ಹಿರಿಯರು, ಕೈ ಒರೆಸಿಕೊಳ್ಳುತ್ತ.

ತಂದೆಯವರು ಕೂಡಲೆ ಉತ್ತರ ಕೊಡಲಿಲ್ಲ. ಹಳೆಯ ಹಲ್ಲುಚಕ್ರವನ್ನು ಅಂಗೈಯಲ್ಲಿ ತೂಗಿನೋಡಿದರು. "ಕೆರೆಯ ದಿಬ್ಬ. ತೊಂಬತ್ತಮೂರನೆಯ ಇಸವಿ, ಮಳೆಗಾಲ. ಇವನಿಗೆ ಐದು ವರ್ಷ. ಜ್ವರ ನೆತ್ತಿಗೇರಿ ಮೈ ಸೆಟೆಯುತ್ತಿತ್ತು. ಹಿಂದೆ ಇವರಮ್ಮ ಇವನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಇಳಿದು ತಳ್ಳೋಣವೆಂದರೆ ಹೊತ್ತಿರಲಿಲ್ಲ. ನಿಂತು ತುಳಿದೆ" ಎಂದರು.

ಅಮ್ಮ ಇದ್ದಾಗ ಆ ರಾತ್ರಿಯ ವಿಷಯವನ್ನು ಎಷ್ಟೋ ಬಾರಿ ಹೇಳಿದ್ದಳು. ತಂದೆಯವರ ಬಾಯಿಂದ ಕೇಳಿದ್ದು ಅದೇ ಮೊದಲು. ಭಾನುವಾರ ನಾನು ಚಾಣ ಹಿಡಿದು ಹೊಡೆದದ್ದು ಯಾವುದನ್ನು ಎಂದು ಆಗ ತಿಳಿಯಿತು.

ಮನೆಯಲ್ಲಿಯೇ ಮಾಡುವವರಿಗೆ

ಹಳೆಯ ಸೈಕಲ್ ಇರುವ ವಾಚಕರು ಕೆಲವರಾದರೂ ಇದನ್ನು ಮಾಡಿನೋಡಲು ಹೊರಡಬಹುದು. ಅವರಿಗೆ ಎರಡು ಮಾತು. ಕಚ್ಚುಗಳು ಎಲ್ಲ ಫ್ರೀವೀಲಿಗೂ ಒಂದೇ ಅಳತೆಯವಲ್ಲ. ಎರಡು ಕಚ್ಚಿನವೂ ನಾಲ್ಕು ಕಚ್ಚಿನವೂ ಇವೆ. ಸರಿಯಾಗಿ ಕೂರುವ ಸಲಕರಣೆ ಸಿಕ್ಕದೆ ಕೈಹಾಕಬೇಡಿ. ಕಚ್ಚು ಪೂರ್ತಿ ಹಾಳಾಗಿದ್ದರೂ ಕಡ್ಡಿ ಕತ್ತರಿಸಬೇಕಾಗಿಲ್ಲ. ಮುಚ್ಚಳದ ಬಳೆಯನ್ನು ಬೇಕೆಂದೇ ಬಲಕ್ಕೆ ತಿರುಗಿಸಿ ತೆಗೆದು, ಗುಂಡುಗಳು ಚೆಲ್ಲಿದರೆ ಚೆಲ್ಲಲಿ ಎಂದು ಹೊರಬಳೆಯನ್ನು ಎತ್ತಿಬಿಟ್ಟರೆ ಒಳಬಳೆ ಕಾಣುತ್ತದೆ. ಅದನ್ನು ವೈಸಿನಲ್ಲಿ ನೇರವಾಗಿ ಕಚ್ಚಿಸಿ ಚಕ್ರವನ್ನು ಎಡಕ್ಕೆ ತಿರುಗಿಸಬೇಕು. ಫ್ರೀವೀಲ್ ಹೋಗುತ್ತದೆ, ಹಬ್ಬು ಉಳಿಯುತ್ತದೆ.

ಹಲವು ಗೇರುಗಳಿರುವ ಈಚಿನ ಸೈಕಲ್ಲುಗಳಲ್ಲಿ ಈ ತೊಡಕು ಬಹುಮಟ್ಟಿಗೆ ಇಲ್ಲ. ಜಪಾನಿನ ಷಿಮಾನೊ ಸಂಸ್ಥೆಯು ೧೯೭೮ರಲ್ಲಿ ಹೊರತಂದ ಏರ್ಪಾಡಿನಲ್ಲಿ ಟಿಕ್ ಟಿಕ್ ಎನ್ನುವ ಭಾಗವು ಹಬ್ಬಿನಲ್ಲಿಯೇ ಸೇರಿಕೊಂಡಿದ್ದು, ಹಲ್ಲುಚಕ್ರಗಳು ಅದರ ಮೇಲೆ ಸುಮ್ಮನೆ ಜಾರಿ ಕೂರುತ್ತವೆ. ತುಳಿತದ ಬಿಗಿ ಅವುಗಳಿಗೆ ತಟ್ಟುವುದಿಲ್ಲ. ಆದರೆ ಹಾಲಿನವರು, ಪತ್ರಿಕೆ ಹಂಚುವವರು ಓಡಿಸುವ ಸಾದಾ ಸೈಕಲ್ಲುಗಳಲ್ಲಿ ಈಗಲೂ ತಿರುಪಿನ ಚಕ್ರವೇ.

ಹೊಸದನ್ನು ಹಾಕುವಾಗ ಹಿರಿಯರು ಹಬ್ಬಿನ ಮರೆಯನ್ನು ಸೀಮೆಎಣ್ಣೆಯಿಂದ ತೊಳೆದು ಒರೆಸಿ, ತುಂಬ ಗ್ರೀಸು ಹಚ್ಚಿದರು. ನವುರಾದ ಮರೆ ಓರೆಯಾಗಿ ಹತ್ತಿದರೆ ಹಬ್ಬೇ ಕೆಡುತ್ತದೆ. ಅದಕ್ಕಾಗಿ ಒಳಬಳೆಯನ್ನು ಮೊದಲು ಎಡಕ್ಕೆ ತಿರುಗಿಸುತ್ತ, ಮರೆಯ ಬಾಯಿ ಬಾಯಿಗೆ ಸೇರಿ ಕಟಕ್ ಎಂದ ಮೇಲೆ ಬಲಕ್ಕೆ ತಿರುಗಿಸಿದರು. ಸವೆದ ಸರಪಣಿಯು ಹೊಸ ಹಲ್ಲನ್ನು ಬೇಗ ತಿಂದುಹಾಕುವುದರಿಂದ ಸರಪಣಿಯನ್ನೂ ಹೊಸದು ಹಾಕಿದರು. ಎಲ್ಲ ಮುಗಿದ ಮೇಲೆ ನಾನು, "ಸಲಕರಣೆಯಿಂದ ಒಂದು ಸಲ ಬಿಗಿಮಾಡಿಬಿಡಿ" ಎಂದೆ.

"ಬೇಡ. ಕೈಯಿಂದ ಹತ್ತಿದಷ್ಟು ಸಾಕು. ಮಿಕ್ಕದ್ದನ್ನು ತುಳಿಯುವವರು ಮಾಡಿಕೊಳ್ಳುತ್ತಾರೆ" ಎಂದು ಅವರು ಸಲಕರಣೆಯನ್ನು ಪೆಟ್ಟಿಗೆಗೆ ಹಾಕಿದರು.

ಮರುದಿನ ಬೆಳಿಗ್ಗೆ ಹುಡುಗಿ ಕಾಲೇಜಿಗೆ ಹೊರಟಳು. ನಮ್ಮ ಬೀದಿಯ ಕೊನೆಯಲ್ಲಿ ಸಣ್ಣದೊಂದು ಏರಿದೆ. ತಂದೆಯವರು ಗೇಟಿನ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಏರಿನ ಬುಡದಲ್ಲಿ ಅವಳು ಸೀಟಿನಿಂದ ಎದ್ದು, ನಿಂತು ತುಳಿದಳು. ಪೆಡಲು ಜಾರಲಿಲ್ಲ. ಏರು ಮುಗಿದು, ತಿರುವಿನಾಚೆಗೆ ಅವಳು ಮರೆಯಾದ ಮೇಲೂ ಒಂದು ಗಳಿಗೆ ಟಿಕ್ ಟಿಕ್ ಸದ್ದು ಕೇಳಿಸುತ್ತಿತ್ತು.

"ಬಿಗಿಯಿತು" ಎಂದರು ತಂದೆಯವರು. ಒಳಗೆ ಹೋಗಿ ಪತ್ರಿಕೆಯನ್ನು ಬಿಚ್ಚಿಕೊಂಡರು.